ನಿನ್ನ ಫೋನಿನ ಲಾಕ್ ಗೊತ್ತಿದ್ದ ಇಬ್ಬರು

ಗುರುವಾರ, ಜೂನ್ ೧೨
ಲೈಬ್ರರಿಯ ಕಂಪ್ಯೂಟರ್ ಕೋಣೆ, ಊಟದ ಬಿಡುವು

ನನ್ನ ಮೊಂಡಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಆರೋಗ್ಯವಾಗಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ, ಆ ನಂಬಿಕೆಯೂ ಅಷ್ಟಕ್ಕಷ್ಟೇ. ಹನ್ನೊಂದು ದಿನದಿಂದ ನಿನಗೆ ಬರೆಯಬೇಕೆಂದು ಕೂರುತ್ತಿದ್ದೇನೆ. ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯ ಕಾಗದದಲ್ಲಿ ಎರಡು ಪುಟ ಬರೀ ಸೆಕೆಯ ವಿಷಯವಿತ್ತು. ಎರಡನೆಯದರಲ್ಲಿ ನಿನಗೇ ಬುದ್ಧಿ ಹೇಳಿದ್ದೆ. ಮೂರನೆಯದನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಅಂಚೆ ಡಬ್ಬಿಯವರೆಗೂ ಹೋಗಿ ಹಾಗೇ ವಾಪಸ್ ತಂದು ಹರಿದೆ. ತಡವಾದದ್ದಕ್ಕೆ ಕ್ಷಮಿಸು ಎಂದು ಎಲ್ಲರೂ ಬರೆಯುತ್ತಾರೆ. ಈ ಕಾಗದದಲ್ಲಿ ಕ್ಷಮೆ ಕೇಳಬೇಕಾದದ್ದು ಬೇಕಾದಷ್ಟಿದೆ, ತಡವಾದದ್ದನ್ನೂ ಅದರ ಜೊತೆಗೇ ಸೇರಿಸಿಕೋ.

ಫೋನಿನ ಪಾಠ ಹೇಳುವವಳು ಕಾಗದ ಬರೆಯುತ್ತಿದ್ದಾಳೆಂದು ನಗಬೇಡ. ನಿನ್ನ ಫೋನು ಇನ್ನೂ ರಿಪೇರಿ ಅಂಗಡಿಯಲ್ಲಿದೆ. ನಿನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನಿನ್ನ ಒಂದು ಕೈಯಲ್ಲಿ ಯಾರದೋ ನೋಯುವ ಮಂಡಿ ಇರುತ್ತದೆ. ಎದುರಿಗೆ ಕೂತು ಹೇಳೋಣವೆಂದರೆ, ನಿನ್ನ ಮುಖ ನೋಡಿದ ತಕ್ಷಣ ನಾನು ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ನನ್ನ ನಾಲಿಗೆಯ ಮೇಲೆ ನನಗೆ ಭರವಸೆ ಹೋಗಿದೆ. ಪೆನ್ನು ಸ್ವಲ್ಪ ನಿಧಾನ, ಅದಕ್ಕೇ ಅದನ್ನು ಹಿಡಿದಿದ್ದೇನೆ.

ಮೊದಲು ಸುದ್ದಿ ಹೇಳುತ್ತೇನೆ. ಬುಧವಾರದ ನನ್ನ ಕ್ಲಾಸು ಎಂದಿನಂತೆ ನಡೆಯುತ್ತಿದೆ. ಬಾಗಿಲಿಗೆ 'ಹಿರಿಯರಿಗಾಗಿ ಫೋನ್ ಸುರಕ್ಷತೆ' ಎಂದು ಚೀಟಿ ಅಂಟಿಸಿದ್ದರೂ ಎಲ್ಲರ ಬಾಯಲ್ಲಿ ನಾನು ವೈರಸ್ ಟೀಚರೇ. ಕಂಡಕ್ಟರ್ ತಾತ ನೆನಪಿದ್ದಾರಲ್ಲ, ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು? ಅವರು ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೇ ಅಂಟಿಸಿದ್ದರು. ಗದರಿದೆ. ಮುಂದಿನ ವಾರ ಅದನ್ನು ಕಿತ್ತು ಹಣೆಗೆ, ಅಂದರೆ ಫೋನಿನ ಹಣೆಗೆ, ಅಂಟಿಸಿಕೊಂಡು ಬಂದು "ಈಗ ನನ್ ಕಣ್ಣೆದುರೇ ಇರ್ತದೆ ಮೇಡಂ, ಯಾರ್ ಕದೀತಾರೆ?" ಅಂದರು. ನರ್ಸಮ್ಮನಂತೂ, ಕಾರು ಬಹುಮಾನ ಬಂದಿದೆ ಎಂದು ಯಾವನೋ ಮೋಸಗಾರ ಕಳಿಸಿದ ಮೆಸೇಜಿಗೆ "ನನಗೆ ಓಡಿಸೋಕೆ ಬರಲ್ಲಪ್ಪ, ಬೇರೆಯವರಿಗೆ ಕೊಡು, ಒಳ್ಳೇದಾಗ್ಲಿ" ಎಂದು ಉತ್ತರ ಬರೆದಿದ್ದಾರೆ. ಇಂಥವರಿಗೆ ನಾನು ಗುರು.

ಹೋದ ವಾರ ಕ್ಲಾಸು ಮುಗಿಯುವ ಹೊತ್ತಿಗೆ ತಾತ ಎದ್ದು ನಿಂತರು. "ಮೇಡಂ, ಹೊರಗಿನವ್ರು ಕಳ್ಸಿದ್ದನ್ನ ಮುಟ್ಬೇಡಿ ಅಂದ್ರಿ, ಮುಟ್ಟಲ್ಲ. ಗೊತ್ತಿಲ್ಲದ ಆಪ್ ಹಾಕ್ಬೇಡಿ ಅಂದ್ರಿ, ಹಾಕಲ್ಲ. ಮನೆಯವ್ರೇ ತಂದು ಹಾಕ್ಬಿಟ್ರೆ? ಅದಕ್ಕೇನ್ ಔಷಧ?"

ಅವರಿಗೆ ನಮ್ಮ ಮನೆಯ ವಿಷಯ ಏನೂ ಗೊತ್ತಿಲ್ಲ. ಸುಮ್ಮನೆ ಕೇಳಿದರು. ನಾನು ಬೋರ್ಡಿನ ಕಡೆ ತಿರುಗಿಕೊಂಡು, ಏನೂ ಬರೆದಿರದ ಜಾಗವನ್ನು ಒರೆಸುತ್ತಾ ನಿಂತೆ. ಎಷ್ಟು ಹೊತ್ತು ಒರೆಸಿದೆನೋ ಗೊತ್ತಿಲ್ಲ, ತಿರುಗುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು.

ಮಗಳೇ, ಸುತ್ತಿ ಬಳಸಿ ಎರಡು ಪುಟ ತುಂಬಿಸಿದೆ. ಇನ್ನು ಹೇಳಿಬಿಡುತ್ತೇನೆ. ನಿನ್ನ ಫೋನಿನಲ್ಲಿ ಸಿಕ್ಕ ಆ ಕಳ್ಳ ಆಪನ್ನು ಹಾಕಿದ್ದು ನಿನ್ನ ಗಂಡ ಅಲ್ಲ. ನಾನು.

ಇದನ್ನು ಓದಿ ಕಾಗದ ಮುದುರಿ ಎಸೆಯಬೇಕೆನ್ನಿಸಿದರೆ ಎಸೆ. ಆದರೆ ಸೋಮವಾರ ವಿಚ್ಛೇದನದ ಮಾತಿಗೆ ವಕೀಲರ ಹತ್ತಿರ ಹೋಗಬೇಡ. ಅಷ್ಟು ಮಾಡಿದರೆ ಈ ಕಾಗದ ಬರೆದದ್ದು ಸಾರ್ಥಕ. ಉಳಿದದ್ದನ್ನು ಯಾವಾಗ ಬೇಕಾದರೂ ಓದಿಕೋ.

ತಿಂಗಳ ಮೊದಲ ಶನಿವಾರ ನಮ್ಮ ಫೋನುಗಳ ಸ್ನಾನದ ದಿನ. ನೀನು ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೇ ಶುರು ಮಾಡಿದ್ದು. ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಫೋನುಗಳನ್ನು ಮಲಗಿಸುವುದು, ಬೇಡದ ಆಪ್ ಕಿತ್ತು ಹಾಕುವುದು, ಹೊಸ ಅಪ್‌ಡೇಟ್ ಹಾಕುವುದು, ಯಾವ ಆಪಿಗೆ ಕ್ಯಾಮೆರಾ ಬೇಕು, ಯಾವುದಕ್ಕೆ ಮೈಕು ಬೇಡ ಎಂದು ಒಂದೊಂದನ್ನೂ ನೋಡುವುದು. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ನೀನು ಅದನ್ನು ತಪ್ಪಿಸಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು ಟೀ ಮಾಡಲು ಹೋಗುತ್ತಿದ್ದೆ, ಲಾಕ್ ಏನೆಂದು ಹೇಳುವ ಗೋಜೂ ಇರಲಿಲ್ಲ. ಅಳಿಯ ಮಾತ್ರ ಒಂದು ಸಲವೂ ತನ್ನ ಫೋನ್ ಕೊಟ್ಟವನಲ್ಲ. "ನಂದು ಹಳೇದು ಅತ್ತೆ, ಬಿಡಿ" ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದೂ ಅವನ ವಿರುದ್ಧ ಸಾಕ್ಷಿಯಾಯಿತು ಎಂದು ನನಗೆ ಗೊತ್ತು.

ಯಾಕೆ ಹಾಕಿದೆ ಎಂದು ಕೇಳುತ್ತೀಯ. ಫೆಬ್ರವರಿಯಲ್ಲಿ ನಿನಗೆ ಹೊಟ್ಟೆಯ ಆಪರೇಷನ್ ಆಯಿತು. ನೀನು ನನಗೆ ಹೇಳಲಿಲ್ಲ. ಕೆಲಸದ ಮೇಲೆ ನಾಲ್ಕು ದಿನ ಹೊರಗೆ ಹೋಗುತ್ತೇನೆ ಎಂದೆ. ನನಗೆ ಅದು ಗೊತ್ತಾದದ್ದು ಕ್ಲಾಸಿನಲ್ಲಿ, ಎಲ್ಲರ ಎದುರಿಗೆ. ನರ್ಸಮ್ಮ ತಾವು ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಯಾರನ್ನೋ ನೋಡಲು ಹೋಗಿದ್ದಾಗ ನಿನ್ನನ್ನು ಕಂಡಿದ್ದರಂತೆ. "ಮಗಳ ಹೊಲಿಗೆ ಬಿಚ್ಚಿದ್ರಾ ಮೇಡಂ? ಓಡಾಡ್ತಿದ್ದಾಳಾ?" ಎಂದರು. ನಾನು "ಹ್ಞೂ, ಈಗ ಎಷ್ಟೋ ವಾಸಿ" ಎಂದೆ. ಯಾವ ಹೊಲಿಗೆ, ಎಲ್ಲಿ ಹೊಲಿಗೆ, ಒಂದೂ ಗೊತ್ತಿಲ್ಲದೆ ಹ್ಞೂ ಎಂದೆ. ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ಮೇಲಿನ ಕೋಪಕ್ಕಿಂತ, ಆ ಕೋಣೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ನನ್ನ ಮಗಳ ವಿಷಯ ಗೊತ್ತಿಲ್ಲದವಳು ನಾನೊಬ್ಬಳೇ ಅನ್ನಿಸಿ ಮೈ ಹಿಡಿಯಾಯಿತು.

ಆ ಆಪನ್ನು ಹುಡುಕಲು ನಾನೇನೂ ಕಷ್ಟಪಡಬೇಕಾಗಿರಲಿಲ್ಲ. ಕ್ಲಾಸಿಗೆಂದು ನಾನೇ ಒಂದು ಪಟ್ಟಿ ಮಾಡಿದ್ದೆ, ಕದ್ದು ನೋಡುವ ಆಪುಗಳು ಯಾವುವು, ಹೇಗೆ ಹೆಸರು ಬದಲಿಸಿಕೊಂಡು ಕೂತಿರುತ್ತವೆ ಎಂದು. ಅದೇ ಪಟ್ಟಿಯಿಂದ ಒಂದನ್ನು ಆರಿಸಿಕೊಂಡೆ. ಇಡೀ ಊರಿಗೆ ಮುಟ್ಟಬೇಡಿ ಎಂದು ಬೋರ್ಡಿನ ಮೇಲೆ ಬರೆದ ಹೆಸರನ್ನೇ ಮಗಳ ಫೋನಿಗೆ ಹಾಕಿದೆ. ಅದನ್ನು ಹಾಕಬೇಕಾದರೆ ಕೆಟ್ಟ ಆಪನ್ನು ತಡೆಯುವ ಫೋನಿನ ಕಾವಲನ್ನು ಆಫ್ ಮಾಡಬೇಕು, ಹೊರಗಿನ ಆಪಿಗೆ ಒಪ್ಪಿಗೆ ಕೊಡಬೇಕು. ಆಗ ಒಂದು ಕೆಂಪು ಎಚ್ಚರಿಕೆ ಬರುತ್ತದೆ. ಅದು ಬಂದರೆ ಅಲ್ಲಿಗೇ ನಿಲ್ಲಿಸಿ, ಹಿಂದೆ ಬನ್ನಿ ಎಂದು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಅವತ್ತು ಬಂತು. ನೀನು ಒಲೆಯ ಹತ್ತಿರ ಏನೋ ಗುನುಗುತ್ತಾ ನಿಂತಿದ್ದೆ. "ಎಲ್ಲಾ ಸರಿ ಇದ್ಯಾ ಅಮ್ಮ?" ಎಂದು ಕೇಳಿದೆ. "ಸರಿ ಇದೆ" ಎನ್ನುತ್ತಾ ನಾನು ಒಪ್ಪಿಗೆಯ ಗುಂಡಿ ಒತ್ತಿದೆ.

ಅದು ಮಾರ್ಚ್ ತಿಂಗಳ ಮೊದಲ ಶನಿವಾರ. ನೀನು ಎಲ್ಲಿದ್ದೀಯ, ಮತ್ತೆ ಆಸ್ಪತ್ರೆ ಕಡೆ ಹೋದೆಯಾ, ಇಷ್ಟು ಗೊತ್ತಾದರೆ ಸಾಕು ಎಂದುಕೊಂಡಿದ್ದೆ. ಒಂದು ವಾರ ಹಾಗೇ ಇದ್ದೆ. ಆಮೇಲೆ ಮೆಸೇಜು ಓದಿದೆ. ಇದೇ ಕೋಣೆಯಲ್ಲಿ, ಇದೇ ಊಟದ ಬಿಡುವಿನಲ್ಲಿ, ಡಬ್ಬಿ ಪಕ್ಕಕ್ಕಿಟ್ಟುಕೊಂಡು. ಯಾರಾದರೂ ಒಳಗೆ ಬಂದರೆ ಪರದೆ ಬದಲಿಸುತ್ತಿದ್ದೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರ ಹಾಗೆ. ಈ ವಯಸ್ಸಿಗೆ. ಏಪ್ರಿಲ್ ಮತ್ತು ಮೇ ತಿಂಗಳ ಶನಿವಾರಗಳಲ್ಲಿ ನಿನ್ನ ಫೋನ್ ಕೈಗೆ ಬಂದಾಗ ಅದನ್ನು ಕಿತ್ತು ಹಾಕಲು ಒಂದು ನಿಮಿಷ ಸಾಕಿತ್ತು. ಕೀಳಲಿಲ್ಲ. ತಾನಾಗಿ ಆನ್ ಆಗಿದ್ದ ಕಾವಲನ್ನು ಮತ್ತೆ ಆರಿಸಿ, ನಿನಗೆ ಫೋನ್ ವಾಪಸ್ ಕೊಟ್ಟು, ನೀನು ಮಾಡಿದ ಟೀ ಕುಡಿದು ಮನೆಗೆ ಬಂದೆ.

ಬಾಗಿಲು ತೆಗೆದಿಟ್ಟರೆ ಒಬ್ಬರೇ ಬರುತ್ತಾರೆಯೇ? ನಾನು ಆರಿಸಿದ ಕಾವಲಿನಿಂದಲೇ ಉಳಿದ ದರಿದ್ರಗಳೂ ಒಳಗೆ ಬಂದವು. ಫೋನ್ ಬಿಸಿಯಾಗುವುದು, ಸುಮ್ಮಸುಮ್ಮನೆ ಜಾಹೀರಾತು ತೆರೆದುಕೊಳ್ಳುವುದು, ಕೊನೆಗೆ ನಿನ್ನ ಹೆಸರಿನಲ್ಲಿ 'ನಿಮ್ಮ ವ್ಯಾಯಾಮದ ವಿಡಿಯೋ ನೋಡಿ' ಎಂದು ನಿನ್ನ ಕ್ಲಿನಿಕ್ಕಿನ ರೋಗಿಗಳಿಗೆಲ್ಲ ಲಿಂಕು ಹೋಗಿದ್ದು. ಆ ಭುಜದ ನೋವಿನ ಅಜ್ಜಿ ನಿನ್ನ ಹೆಸರು ನೋಡಿ ನಂಬಿ ಒತ್ತಿ, ಫೋನಿನಲ್ಲಿದ್ದ ಮೊಮ್ಮಕ್ಕಳ ಫೋಟೋಗಳನ್ನೆಲ್ಲ ಕಳೆದುಕೊಂಡರಲ್ಲ, ಅವರ ಮುಂದೆ ನೀನು ತಲೆ ತಗ್ಗಿಸಿ ನಿಂತೆ. ನಿಲ್ಲಬೇಕಾಗಿದ್ದವಳು ನಾನು.

ಆಮೇಲಿನದು ನಿನಗೇ ಗೊತ್ತು, ಆದರೂ ನಾನು ಬರೆಯಬೇಕು. ಈ ತಿಂಗಳ ಒಂದನೇ ತಾರೀಕು, ಭಾನುವಾರ, ನೀನು ರಿಪೇರಿ ಅಂಗಡಿಯಿಂದ ನೇರ ನನ್ನ ಮನೆಗೆ ಬಂದೆ. ಚಪ್ಪಲಿಯನ್ನೂ ಬಿಡಲಿಲ್ಲ. ಅಂಗಡಿಯ ಹುಡುಗಿ 'ಬ್ಯಾಟರಿ ಸಹಾಯಕ' ಎಂಬ ಸುಳ್ಳು ಹೆಸರಿನಡಿ ಅಡಗಿದ್ದ ಆಪನ್ನು ತೋರಿಸಿ, "ಇದು ತಾನಾಗೇ ಬರೋ ಅಂಥದ್ದಲ್ಲ ಅಕ್ಕ. ಫೋನ್ ಕೈಯಲ್ಲಿ ಹಿಡ್ಕೊಂಡು, ಲಾಕ್ ತೆಗೆದು, ಯಾರೋ ಗೊತ್ತಿರೋರೇ ಹಾಕಿರೋದು" ಎಂದಳಂತೆ.

"ಲಾಕ್ ಗೊತ್ತಿರೋದು ಇಬ್ರಿಗೆ ಅಮ್ಮ" ಎಂದೆ ನೀನು. "ನಿಂಗೆ, ಅವನಿಗೆ. ನೀನಂತೂ ಅಲ್ಲ."

ನೀನಂತೂ ಅಲ್ಲ. ಎಷ್ಟು ಸಲೀಸಾಗಿ ಹೇಳಿದೆ. ನನಗೆ ಆಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನೀನು ಕೇಳಿದೆ: "ಪ್ರತಿ ತಿಂಗ್ಳೂ ನೋಡ್ತಿದ್ದೆ ನೀನು, ನಿನ್ ಕಣ್ಣಿಗೂ ಬೀಳ್ಲಿಲ್ವಾ?" ನಾನು ಏನು ಹೇಳಿದೆ ಗೊತ್ತಲ್ಲ? "ಇಂಥಾ ಕೆಲ್ಸ ಮಾಡೋರು ಚೆನ್ನಾಗಿ ಬಚ್ಚಿಡ್ತಾರೆ ಕಣೇ. ಅವ್ರು ತುಂಬಾ ಚಾಲಾಕು" ಎಂದೆ. ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ತಪ್ಪು. ನಾನು ಬಾಯಿ ತೆರೆದು ಅವನ ಮೇಲೆ ಗೂಬೆ ಕೂರಿಸಿದೆ. ಅವತ್ತೇ ಸಂಜೆ ಅವನು ಒಂದು ಚೀಲ ಹಿಡಿದು ಮನೆ ಬಿಟ್ಟ.

ಹೋದ ಶನಿವಾರ ಅವನನ್ನು ನೋಡಲು ಹೋಗಿದ್ದೆ. ನಿನಗೆ ಹೇಳಿಲ್ಲ. ತಾನು ಕೆಲಸ ಮಾಡುವ ಲಿಫ್ಟ್ ರಿಪೇರಿ ವರ್ಕ್‌ಶಾಪಿನ ಅಟ್ಟದ ಮೇಲೆ ಮಲಗುತ್ತಿದ್ದಾನೆ. ಸುತ್ತ ಹಳೆಯ ಮೋಟಾರು, ಎಣ್ಣೆ ಹತ್ತಿದ ಹಗ್ಗದ ಸುರುಳಿ, ಗೋಡೆಗೆ ಒರಗಿಸಿದ ಲಿಫ್ಟಿನ ಬಾಗಿಲು. ನನ್ನನ್ನು ಕಂಡು ಕೈ ಒರೆಸಿಕೊಂಡು, ಇದ್ದ ಒಂದೇ ಸ್ಟೂಲನ್ನು ನನಗೆ ಹಾಕಿ ತಾನು ನಿಂತ. ನಿಜ ಹೇಳಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

"ಅವ್ಳು ಊಟ ಮಾಡ್ತಿದ್ದಾಳಾ ಅತ್ತೆ?"

ಮಾಡುತ್ತಿದ್ದಾಳೆ ಎಂದೆ. ಆಮೇಲೆ ಅವನೇ ಹೇಳಿದ: "ನಾನು ಹಾಕಿಲ್ಲ ಅತ್ತೆ. ನನ್ ಮಾತು ಅವ್ಳು ಕೇಳೋ ಸ್ಥಿತೀಲಿಲ್ಲ. ನೀವು ಈ ವಿಷಯ ಓದ್ಕೊಂಡೋರು. ನೀವೇ ಒಂದ್ಸಲ ಆ ಫೋನ್ ಪೂರ್ತಿ ನೋಡಿ, ಯಾರು ಹಾಕಿದ್ದು ಅಂತ ಕಂಡುಹಿಡೀತೀರಾ? ನೀವು ಹೇಳಿದ್ರೆ ನಂಬ್ತಾಳೆ."

ಹಾಗೆನ್ನುತ್ತಾ ತನ್ನ ಫೋನನ್ನೂ ಲಾಕ್ ತೆಗೆದು ನನ್ನ ಕೈಗಿಟ್ಟ. ಮೂರು ವರ್ಷದಿಂದ ಕೊಡದೇ ಇದ್ದ ಫೋನು. ಗಾಜು ಅಡ್ಡಡ್ಡ ಒಡೆದು, ಒಂದು ಮೂಲೆಗೆ ಟೇಪು ಸುತ್ತಿತ್ತು. ನಿಮ್ಮಿಬ್ಬರ ಹೊಸ ಫೋನಿನ ಪಕ್ಕ ಇದನ್ನು ಇಡಲು ನಾಚಿಕೆಯಾಗುತ್ತಿತ್ತು ಎಂದ. ಒಳಗೆ ಇದ್ದದ್ದೆಲ್ಲ ಲಿಫ್ಟಿನ ವೈರುಗಳ ಫೋಟೋ, ಯಾವ ಬಣ್ಣದ್ದು ಎಲ್ಲಿಗೆ ಎಂದು ನೆನಪಿಗೆ ತೆಗೆದಿಟ್ಟದ್ದು. ನೋಡಿದೆ. ನೋಡುವ ಹಕ್ಕು ಇರುವವಳ ಹಾಗೆ ನೋಡಿ, "ಆಯ್ತಪ್ಪ, ವಿಚಾರಿಸ್ತೀನಿ" ಎಂದು ಎದ್ದು ಬಂದೆ. ಗೇಟಿನವರೆಗೂ ಬಂದು ನನ್ನನ್ನು ಆಟೋ ಹತ್ತಿಸಿದ. ಅಲ್ಲೂ ಹೇಳಲಿಲ್ಲ. ನನ್ನಂಥ ಹೇಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿನ್ನೆ ಸಂಜೆ ನೀನು ಕ್ಲಿನಿಕ್ಕಿನಿಂದ ಫೋನ್ ಮಾಡಿ ಸೋಮವಾರ ವಕೀಲರ ಹತ್ತಿರ ಹೋಗುತ್ತೇನೆ ಎಂದಾಗ, ಇನ್ನು ಒಂದು ದಿನವೂ ಸುಮ್ಮನಿರಬಾರದು ಎಂದು ಮನಸ್ಸು ಗಟ್ಟಿಯಾಯಿತು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಇವತ್ತು ಕೆಲಸ ಮುಗಿಸಿ ನಾನೇ ಬಂದು ನಿನ್ನ ಬಾಗಿಲ ಸಂದಿಯಲ್ಲಿ ತಳ್ಳಿ ಹೋಗುತ್ತೇನೆ. ಬೆಲ್ ಮಾಡುವುದಿಲ್ಲ.

ಅವನಿಗೂ ಇಷ್ಟನ್ನೂ ನಾನೇ ಹೇಳುತ್ತೇನೆ, ನಾಳೆ ಬೆಳಿಗ್ಗೆ. ನಿನಗೆ ಮೊದಲು ತಿಳಿಯಲಿ ಎಂದು ಒಂದು ದಿನ ತಡೆದಿದ್ದೇನೆ. ಭುಜದ ನೋವಿನ ಅಜ್ಜಿಯ ವಿಳಾಸ ಕೊಟ್ಟರೆ ಅವರ ಮನೆಗೂ ಹೋಗುತ್ತೇನೆ. ಬುಧವಾರದ ಕ್ಲಾಸಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಲೈಬ್ರರಿಯ ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ. "ಯಾಕಮ್ಮ, ಎಲ್ಲಾ ಚೆನ್ನಾಗಿತ್ತಲ್ಲ?" ಎಂದರು. ನಾನು ಮಾಡಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಚೀಟಿಗೆ ಸಹಿ ಹಾಕಿದರು. ಒಬ್ಬರಿಗೆ ಹೇಳಿದ ಮೇಲೆ ನಿನಗೆ ಬರೆಯಲು ಕೈ ಬಂತು.

ಇನ್ನು ಫೋನಿನ ಮಾತು. ನನ್ನಿಂದ ಬುದ್ಧಿ ಹೇಳಿಸಿಕೊಳ್ಳುವ ಮನಸ್ಸು ನಿನಗಿರಲಾರದು, ಆದರೆ ಇದೊಂದು ವಿದ್ಯೆ ನನಗೆ ಸರಿಯಾಗಿ ಗೊತ್ತು, ಕೇಳು. ಆಪ್ ಒಂದನ್ನೇ ತೆಗೆದು ಸುಮ್ಮನಾಗಬೇಡ. ಅಂಗಡಿಯ ಹುಡುಗಿಗೆ ಹೇಳಿ, ನಿನ್ನ ಫೋಟೋಗಳನ್ನು ಬೇರೆ ಕಡೆ ಎತ್ತಿಟ್ಟುಕೊಂಡು, ಫೋನನ್ನು ಹೊಸದರ ಹಾಗೆ ಪೂರ್ತಿ ಅಳಿಸಿಸು. ಪಾಸ್‌ವರ್ಡುಗಳನ್ನೆಲ್ಲ ಬದಲಿಸು, ಆದರೆ ಆ ಫೋನಿನಲ್ಲಿ ಕೂತು ಬದಲಿಸಬೇಡ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಮಾಡು, ಮೊದಲು ಇಮೇಲಿನದು. ನಿನ್ನ ಹೆಸರಿನಲ್ಲಿ ಬೇರೆ ಯಾವ ಯಂತ್ರ ಲಾಗಿನ್ ಆಗಿ ಕೂತಿದೆ ನೋಡು. ಅದರಲ್ಲಿ ಈ ಲೈಬ್ರರಿಯ ಕಂಪ್ಯೂಟರ್ ಕಾಣಬಹುದು, ಅದನ್ನು ಹೊರಗೆ ಹಾಕು. ನಾನೂ ಇಲ್ಲಿಂದ ತೆಗೆದಿದ್ದೇನೆ, ಆದರೆ ನನ್ನ ಮಾತು ನಂಬಿ ಬಿಡಬೇಡ, ನೀನೇ ನೋಡಿ ತೆಗೆ. ಲಾಕ್ ಹೊಸದಿರಲಿ. ನಿನ್ನ ಹುಟ್ಟಿದ ದಿನ ಬೇಡ, ನನ್ನದೂ ಬೇಡ. ಗಂಡನಿಗೆ ಹೇಳಬೇಕೋ ಬೇಡವೋ ಅದು ನಿನ್ನಿಷ್ಟ. ನನಗೆ ಹೇಳಬೇಡ. ನಾನು ಕೇಳಿದರೂ ಹೇಳಬೇಡ. ಇನ್ನು ಮೇಲೆ ಶನಿವಾರ ನಾನು ಬಂದರೆ ಬರೀ ಟೀ ಕುಡಿಯಲು ಬರುತ್ತೇನೆ, ಅದೂ ನೀನು ಕರೆದರೆ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಬೈಯುವುದಿದ್ದರೆ ಬಂದು ಬೈಯಿ, ಬಾಗಿಲು ಹಾಕಿಕೊಳ್ಳುವುದಿದ್ದರೆ ಹಾಕಿಕೋ. ಎರಡಕ್ಕೂ ಕಾರಣ ನಾನೇ ಕೊಟ್ಟಿದ್ದೇನೆ. ನಿನ್ನ ಹೊಲಿಗೆಯ ಜಾಗ ಇನ್ನು ಎಂದೂ ನೋಯದಿರಲಿ, ನಿನ್ನ ಮನೆ ತಣ್ಣಗಿರಲಿ.

ಇತಿ,
ನಿನ್ನ ಅಮ್ಮ

ತಾ. ಕ.: ಮೂರು ತಿಂಗಳು ಓದಿದೆಯಲ್ಲ, ಏನು ಸಿಕ್ಕಿತು ಎಂದು ನೀನು ಕೇಳೇ ಕೇಳುತ್ತೀಯ. ಇದನ್ನು ಬರೆಯದೆ ಲಕೋಟೆ ಮುಚ್ಚಬೇಕೆಂದಿದ್ದೆ, ಆಗಲಿಲ್ಲ. ನನಗೆ ಬೇಡವಾಗಿದ್ದ ಗುಟ್ಟು ನಿನ್ನ ಫೋನಿನಲ್ಲಿ ಒಂದೇ ಒಂದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನೀನು ನನಗೆ ಫೋನ್ ಮಾಡುತ್ತಿದ್ದೆಯಲ್ಲ. ಎಷ್ಟೇ ಕೆಲಸವಿದ್ದರೂ ನನ್ನ ಮಗಳು ಮರೆಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಪ್ರತಿ ಭಾನುವಾರವೂ ಹತ್ತಕ್ಕೆ ಐದು ನಿಮಿಷ ಇರುವಾಗ ಕೆಲಸದ ಜಾಗದಿಂದ ಅವನ ಮೆಸೇಜು ಬರುತ್ತಿತ್ತು. "ಅತ್ತೆಗೆ ಫೋನ್ ಮಾಡು, ಕಾಯ್ತಿರ್ತಾರೆ." ಒಂದು ಸಲ ನೀನು "ಇವತ್ತು ಬೇಡ, ಸುಸ್ತು" ಎಂದು ಬರೆದೆ. "ಹತ್ತೇ ನಿಮಿಷ. ಮಾಡಿ ಮಲ್ಕೋ" ಎಂದು ಅವನು ಬರೆದ. ಆಮೇಲೆ ನನ್ನ ಫೋನ್ ರಿಂಗಾಯಿತು. ಹದಿಮೂರು ಭಾನುವಾರಗಳಲ್ಲಿ ಅವನಿಗೆ ಜ್ವರ ಬಂದು ಮಲಗಿದ್ದ ಒಂದು ಭಾನುವಾರ ಮೆಸೇಜಿರಲಿಲ್ಲ, ನಿನ್ನ ಫೋನೂ ಬರಲಿಲ್ಲ. ಅದೇ ವಾರ ನಾನು ನರ್ಸಮ್ಮನ ಮುಂದೆ, "ಅಳಿಯ ಫೋನ್ ಮಾಡೋಕೂ ಬಿಡಲ್ವೇನೋ" ಎಂದಿದ್ದೆ. ಮೆಸೇಜುಗಳನ್ನು ಓದಿ ತಿಳಿದೂ ಅಂದೆ. ನೀನು "ನೀನಂತೂ ಅಲ್ಲ" ಎಂದ ದಿನ ನಾನು ಬರೀ ಹೆದರಿ ಸುಮ್ಮನಾದದ್ದಲ್ಲ, ಮಗಳೇ. ಅವನು ಹೋಗಿಬಿಟ್ಟರೆ ಆ ಭಾನುವಾರದ ಕರೆಗಳನ್ನೆಲ್ಲ ನೀನಾಗಿಯೇ ಮಾಡುತ್ತಿದ್ದೆ ಎಂದು ನಾನು ಮತ್ತೆ ನಂಬಬಹುದಿತ್ತು. ಹೋದ ಭಾನುವಾರ, ನಿನ್ನ ಫೋನು ಅಂಗಡಿಯಲ್ಲಿದ್ದರೂ ಪಕ್ಕದವರ ಫೋನಿನಿಂದಾದರೂ ಮಾಡುತ್ತೀಯೆಂದು, ಹತ್ತು ಗಂಟೆಗೆ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ನೆನಪಿಸುವವನನ್ನು ಮನೆಯಿಂದ ಹೊರಗೆ ಹಾಕಿಸಿದ್ದೆನಲ್ಲ. ಈ ಭಾನುವಾರ ನನಗೆ ಫೋನ್ ಮಾಡಬೇಡ. ಅವನಿಗೆ ಮಾಡು.